ಡ್ರಮ್ಮು ಬೇಡವೆಂದ ನಾನು, ಊಂ ಎಂದ ಮಾವ

ವಯಸ್ಸಾದಂತೆ ನಾಲಗೆ ಖಾರ ಬಿಡುತ್ತದೆ, ಕಾಲು ಮೆಟ್ಟಿಲು ಬಿಡುತ್ತದೆ, ಕಿವಿ ಗದ್ದಲ ಬಿಡುತ್ತದೆ ಎಂದು ನಾನು ತಿಳಿದಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ, ನನ್ನನ್ನೇ ನೋಡಿಕೊಂಡು ಕಲಿತದ್ದು. ಬಂಗಾರಪೇಟೆಯ ತವರಿನಲ್ಲಿದ್ದಾಗ ಗಿಟಾರ್ ಇಲ್ಲದ ದೇವರ ಹಾಡು ನನಗೆ ಹಾಡೇ ಅಲ್ಲ. ಚಪ್ಪಾಳೆ ತಟ್ಟಿ ಹಾಡುವ ಹಾಡುಗಳ ಕ್ಯಾಸೆಟ್ಟು ತೇದು ತೇದು ಟೇಪು ಹೊರಗೆ ಬಂದರೆ, ಪೆನ್ಸಿಲ್ ತೂರಿಸಿ ಸುತ್ತಿ ಮತ್ತೆ ಹಾಕುತ್ತಿದ್ದೆ. ಚರ್ಚಿನಲ್ಲಿ ಹಿರಿಯರು ಹಾರ್ಮೋನಿಯಂ ಜೊತೆ ಎಳೆದೆಳೆದು ಕೀರ್ತನೆ ಶುರು ಮಾಡಿದರೆ, "ಇವರ ಒಂದು ಚರಣ ಮುಗಿಯೋದ್ರೊಳಗೆ ಮನೇಲಿ ಬೇಳೆ ಬೆಂದಿರ್ತದೆ ನೋಡು" ಎಂದು ತಂಗಿಯ ಕಿವಿಯಲ್ಲಿ ಹೇಳಿ ಇಬ್ಬರೂ ಸೆರಗಿನಲ್ಲಿ ನಗುತ್ತಿದ್ದೆವು. ಮದುವೆಯಾಗಿ ಚಿನ್ನದ ಗಣಿಯ ಊರಾದ ಕೋರಮಂಡಲ್‌ಗೆ ಬಂದು, ಮಗಳು ಹುಟ್ಟಿ, ಅವಳನ್ನು ಮಲಗಿಸುವ ಹಾಡುಗಳಲ್ಲೇ ಕೆಲವು ವರ್ಷ ಕಳೆದವು. ಆಮೇಲೆ ಅಮ್ಮ ತೀರಿಕೊಂಡಳು. ಅವಳನ್ನು ಮಣ್ಣಿಗಿಡುವಾಗ ಹಾಡಿದ್ದು ಅದೇ ಎಳೆದೆಳೆದ ಕೀರ್ತನೆ. ಅವಸರದ ಹಾಡಾಗಿದ್ದರೆ ನಡುವೆ ಅಳುವುದಕ್ಕೆ ಜಾಗವೇ ಇರುತ್ತಿರಲಿಲ್ಲ. ಅಂದಿನಿಂದ ಅಕ್ಕಿ ಆರಿಸುವಾಗ, ಬಟ್ಟೆ ಮಡಿಸುವಾಗ ನನ್ನ ಬಾಯಲ್ಲಿ ಬರುವುದು ಆ ಹಾಡುಗಳೇ. ಬೇಳೆ ಬೇಯುವಷ್ಟು ಹೊತ್ತು ಬೇಕಾದರೆ ಬೇಕಾಗಲಿ, ಈಗ ನನಗೇನು ಅವಸರ?

ನಮ್ಮ ಚರ್ಚಿನ ಭಾನುವಾರದ ಆರಾಧನೆಯಲ್ಲಿ ಮಾತ್ರ ಅವಸರ ಜಾಸ್ತಿಯಾಗಿತ್ತು. ಯುವಕರು ಕೀಬೋರ್ಡು ತಂದರು, ಬೇಸ್ ಗಿಟಾರು ತಂದರು, ಕೊನೆಗೆ ಡ್ರಮ್ ಸೆಟ್ಟು ತಂದರು. ಆ ಡ್ರಮ್ಮಿನ ಹಿಂದೆ ಕೂತು ಬಾರಿಸುವವಳು ಬೇರೆ ಯಾರೋ ಆಗಿದ್ದರೆ ನಾನು ಧಾರಾಳವಾಗಿ ಬೈಯುತ್ತಿದ್ದೆ. ನನ್ನ ಮಗಳು ಶೀಬಾಳೇ ಕೂತಳು. ಕಾಲೇಜು ಮುಗಿಸಿ ಬಂದವಳು ಎರಡು ಕಡ್ಡಿ ಹಿಡಿದು ದಿಂಬಿನ ಮೇಲೆ ಅಭ್ಯಾಸ ಮಾಡುತ್ತಾಳೆ. ನಮ್ಮ ಮನೆಯ ದಿಂಬುಗಳೆಲ್ಲ ಹೊಡೆತ ತಿಂದು ತಿಂದು ನಡುವೆ ಕುಳಿ ಬಿದ್ದಿವೆ. "ಶೀಬಾ, ದೇವರಿಗೆ ಕಿವಿ ಕೇಳಿಸ್ತದೆ ಕಣೇ" ಎಂದರೆ, "ನಿನಗೆ ವಯಸ್ಸಾಯ್ತು ಅಮ್ಮ, ಅದಕ್ಕೇ ಹಿಂಗೆ" ಎನ್ನುತ್ತಾಳೆ. ವಯಸ್ಸಾಯಿತೆಂದು ನಾನೇ ಹೇಳಿಕೊಂಡರೆ ಅದೊಂದು ಥರ ಚೆನ್ನಾಗಿರುತ್ತದೆ. ಮಗಳು ಹೇಳಿದರೆ ಹಾಗಿರುವುದಿಲ್ಲ.

ಮನೆಯಲ್ಲಿ ನನ್ನ ಪಕ್ಷಕ್ಕೆ ಇದ್ದವರು ಮಾವನವರೊಬ್ಬರೇ. ನಮ್ಮ ಯಜಮಾನರು ಬೆಳಿಗ್ಗೆ ರೈಲು ಹತ್ತಿದರೆ ಸಂಜೆ ಇಳಿಯುವವರು. ಅವರ ಮಟ್ಟಿಗೆ ರೈಲಿನ ಸದ್ದಿಗಿಂತ ಕಡಿಮೆ ಇರುವುದೆಲ್ಲ ಸಂಗೀತವೇ. ಮಾವನವರು ಹಾಗಲ್ಲ. ಗಣಿ ನಡೆಯುತ್ತಿದ್ದ ಕಾಲದಲ್ಲಿ ನೆಲದಡಿ ಬಂಡೆ ಕೊರೆಯುವ ಕೆಲಸ ಮಾಡಿ ಮೇಲೆ ಬಂದು, ಸ್ನಾನ ಮಾಡಿ, ಹಾರ್ಮೋನಿಯಂ ಮುಂದೆ ಕೂರುತ್ತಿದ್ದವರು. ಚರ್ಚಿನಲ್ಲಿ ಎಷ್ಟೋ ವರ್ಷ ಕೀರ್ತನೆಗೆ ಶ್ರುತಿ ಹಿಡಿದವರು ಅವರೇ. ಸ್ವಾಮಿದಾಸ್ ತಾತ ಎಂದರೆ ಇವತ್ತಿಗೂ ಹಳಬರು ಕೈ ಮುಗಿಯುತ್ತಾರೆ. ಈಚೆಗೆ ಮಾತು ಕಡಿಮೆ. ಕಿವಿ ಸ್ವಲ್ಪ ಮಂದವೆಂದು ನಮಗೂ ಗೊತ್ತಿತ್ತು, ಆದರೆ ಆ ವಯಸ್ಸಿಗೆ ಅದೇನು ಹೊಸದು? ಸಂಜೆ ಪ್ರಾರ್ಥನೆ ಮುಗಿದ ಮೇಲೆ ನಾನು ಅವರ ಮುಂದೆ ಕೂತು ಡ್ರಮ್ಮಿನ ಮೇಲಿನ ನನ್ನ ದೂರನ್ನೆಲ್ಲ ಸುರಿಯುತ್ತಿದ್ದೆ. ಅವರು ನನ್ನ ಮುಖವನ್ನೇ ನೋಡುತ್ತಾ ಸಮಾಧಾನವಾಗಿ "ಊಂ" ಎನ್ನುತ್ತಿದ್ದರು. ಇಂಥ ಮಾವ ಯಾರಿಗೆ ಸಿಗುತ್ತಾರೆ ಎಂದು ಸ್ತ್ರೀಯರ ಕೂಟದಲ್ಲಿ ನಾನು ಹೇಳಿಕೊಳ್ಳದ ದಿನವಿಲ್ಲ.

ಒಂದು ದಿನ ಅವರು ಹಾರ್ಮೋನಿಯಂ ಮುಚ್ಚಿಟ್ಟು, "ಪೆಟ್ಟಿಗೆ ದನಿ ಓಯ್ತಮ್ಮಾ. ಮೇಲಿನ ಸ್ವರಗಳು ಬರ್ತಾನೇ ಇಲ್ಲ" ಎಂದರು. ನಾನು ಅದನ್ನು ಹಳೆ ಸೀರೆಯಲ್ಲಿ ಸುತ್ತಿ, ರೈಲಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂಗಾರಪೇಟೆಗೆ ಒಯ್ದೆ. ರಿಪೇರಿಯವರು ಬಿಚ್ಚಿ, ಊದಿ, ನುಡಿಸಿ, "ಏನೂ ಆಗಿಲ್ವಲ್ಲಮ್ಮಾ. ಒಳ್ಳೆ ಕೋಗಿಲೆ ಇದ್ದಂಗೈತೆ. ಎತ್ಕೊಂಡೋಗಿ" ಎಂದರು. ಮನೆಗೆ ತಂದಿಟ್ಟರೆ ಮಾವನವರು ಒಂದೆರಡು ಸ್ವರದ ಮನೆ ಒತ್ತಿ ನೋಡಿ ತಲೆಯಾಡಿಸಿದರು. "ಇಲ್ಲಮ್ಮಾ, ಅಂಗೇ ಐತೆ." ರಿಪೇರಿಯವರಿಗೆ ಕೆಲಸ ಬರುವುದಿಲ್ಲವೆಂದು ನಾನು ತೀರ್ಮಾನಿಸಿದೆ. ಆ ಪೆಟ್ಟಿಗೆ ಮಂಚದ ಕೆಳಗೆ ಸೇರಿತು.

ಅದಾದ ಮೇಲೆ ಮಾವನವರು ಚರ್ಚಿನಲ್ಲಿ ತಮ್ಮ ಜಾಗ ಬದಲಿಸಿದರು. ಕಿಟಕಿ ಪಕ್ಕದ ಹಳೆಯ ಬೆಂಚು ಬಿಟ್ಟು ಡ್ರಮ್ಮಿನ ಮಗ್ಗುಲಿಗೇ ಹೋಗಿ ಕೂರತೊಡಗಿದರು. ಮೊಮ್ಮಗಳ ಮೇಲಿನ ಪ್ರೀತಿಗೆ ಪಾಪ ಈ ಮುದುಕರು ಅಷ್ಟು ಹಿಂಸೆ ತಡೆದುಕೊಳ್ಳಬೇಕೇ ಎಂದುಕೊಂಡೆ. ಹಿರಿಯರು ಕೆಲವರು ಸೇರಿ, ಭಾನುವಾರದ ಆರಾಧನೆಗೆ ಡ್ರಮ್ಮು, ಬೇಸು ಬೇಡ, ಹಾರ್ಮೋನಿಯಂ ಸಾಕು ಎಂದು ಅಯ್ಯನವರ ಹತ್ತಿರ ಹೋದಾಗ, ಸ್ತ್ರೀಯರ ಕೂಟದ ಕಾರ್ಯದರ್ಶಿಯಾಗಿ ನಾನೂ ಹೋದೆ. ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಯಾರ ಮನಸ್ಸನ್ನೂ ನೋಯಿಸದವರು. "ಎಲ್ಲರಿಗಿಂತ ಹಿರಿಯರು ಸ್ವಾಮಿದಾಸ್ ತಾತ. ಬರೋ ಭಾನುವಾರ ಆರಾಧನೆ ಆದ್ಮೇಲೆ ಸಭೆ ಎದುರಿಗೇ ಅವರನ್ನ ಕೇಳೋಣ. ಅವರಿಗೆ ತೊಂದರೆ ಅಂದ್ರೆ ತೆಗೆದುಬಿಡೋಣ" ಎಂದರು. "ಕೇಳೋದೇನಿದೆ ಅಯ್ಯನವರೇ? ಮಾವನ ಮನಸ್ಸು ನನಗೆ ಗೊತ್ತಿಲ್ವಾ? ದಿನಾ ಸಂಜೆ ಇದೇ ಮಾತಾಡ್ತೀವಿ" ಎಂದೆ ನಾನು.

ಶೀಬಾ ಆ ವಾರ ಜಗಳವಾಡಲಿಲ್ಲ. ದಿಂಬನ್ನೂ ಮುಟ್ಟಲಿಲ್ಲ. ಶನಿವಾರ ರೊಟ್ಟಿ ತಟ್ಟುತ್ತಿದ್ದಾಗ ಬಂದು ನಿಂತು, "ತೆಗೆಸಿಬಿಟ್ರೆ ನಾನು ಚರ್ಚಿಗೆ ಬರಲ್ಲ ಅಮ್ಮ. ಕೋಪಕ್ಕಲ್ಲ. ನನಗೆ ಪ್ರಾರ್ಥನೆ ಮಾಡೋಕೆ ಬರೋದು ಅದೊಂದೇ ಥರ" ಎಂದಳು. ರೊಟ್ಟಿ ಸೀದುಹೋಯಿತು. ಹೆಂಚಿನ ಮೇಲೆಯೇ ಕಣ್ಣಿಟ್ಟಿದ್ದರೂ ಸೀದುಹೋಯಿತು.

ಭಾನುವಾರ ಆಶೀರ್ವಾದವಾದ ಮೇಲೆ ಯಾರೂ ಏಳಲಿಲ್ಲ. ಅಯ್ಯನವರದು ಗುಡುಗಿನಂಥ ದಪ್ಪ ದನಿ. ಮಾವನವರ ಹತ್ತಿರಕ್ಕೇ ಬಂದು ಬಗ್ಗಿ, "ತಾತ, ಈ ಡ್ರಮ್ಮು ನಿಮ್ಮಂಥ ಹಿರಿಯರಿಗೆ ಕಷ್ಟ ಆಗ್ತಿದೆ ಅಂತಿದ್ದಾರೆ. ನಿಮಗೋಸ್ಕರ ತೆಗೆದುಬಿಡೋಣವಾ?" ಎಂದರು.

ಮಾವನವರು ಬೆಂಚಿನ ತುದಿ ಹಿಡಿದು ಎದ್ದು ನಿಂತರು. "ಬ್ಯಾಡಿ ಅಯ್ಯನವರೇ. ತೆಗೀಬ್ಯಾಡಿ."

ಹಿಂದಿನ ಸಾಲಿನಲ್ಲಿ ಯಾರೋ, "ಮೊಮ್ಮಗಳು ಚೆನ್ನಾಗಿ ಹೇಳಿಕೊಟ್ಟಿದಾಳೆ" ಎಂದು ನಕ್ಕರು. ಅದು ಮಾವನವರಿಗೆ ಕೇಳಿಸಲಿಲ್ಲ.

"ನೀವೆಲ್ಲ ಹಾಡ್ತೀರ, ಬಾಯಿ ಅಲ್ಲಾಡೋದು ಕಾಣ್ತೈತೆ. ದನಿ ಬರಾಕಿಲ್ಲ. ಮೊದ್ಲು ಪೆಟ್ಟಿಗೆ ಕೆಟ್ಟೋಯ್ತು ಅಂದ್ಕೊಂಡೆ. ಆಮೇಲೆ ಗುಬ್ಬಚ್ಚಿ ದನೀನೂ ಓಯ್ತು, ಬಾಗಿಲ ಗಂಟೇನೂ ಓಯ್ತು. ಕೆಟ್ಟಿರೋದು ಪೆಟ್ಟಿಗೆ ಅಲ್ಲ ಅಂತ ಆಗ ತಿಳೀತು. ಮನೇಲಿ ಯಾಕೆ ಹೇಳೋದು ಅಂತ ಸುಮ್ನಿದ್ದೆ. ನಮ್ಮ ಮಗು ಆ ದೊಡ್ಡ ಡ್ರಮ್ಮು ಕಾಲಲ್ಲಿ ಒತ್ತಿದ್ರೆ ಇಲ್ಲಿಗೆ ಬತ್ತೈತೆ." ಅವರು ಎದೆ ಮುಟ್ಟಿಕೊಂಡರು. "ಏಟು ನೋಡ್ಕೊಂಡು ಇದು ಇಂಥಾ ಹಾಡು ಅಂತ ಗೊತ್ತು ಮಾಡ್ಕೊತೀನಿ. ಅದನ್ನೂ ತೆಗೆದ್ರೆ ನಾನು ಇಲ್ಲಿ ಬಂದು ಸುಮ್ನೆ ಗ್ವಾಡೆ ನೋಡ್ಕೊಂಡು ಕೂತ್ಕೋಬೇಕು ಅಷ್ಟೆ."

ಡ್ರಮ್ಮಿನ ಹಿಂದೆ ಶೀಬಾ ಕಡ್ಡಿಗಳನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಳು. ಅಯ್ಯನವರು ಮಾವನವರ ಕೈ ಹಿಡಿದು ಕೂರಿಸಿ, "ಇರಲಿ ಬಿಡಿ, ಡ್ರಮ್ಮಿರಲಿ" ಎಂದಷ್ಟೇ ಹೇಳಿ ಸಭೆ ಮುಗಿಸಿದರು. ನಾನು ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ನೆಲ ನೋಡುತ್ತಾ ಕೂತಿದ್ದೆ.

ಮನೆಗೆ ನಡೆದು ಬರುವಾಗ ನನ್ನನ್ನು ಬೇರೊಂದು ಸಂಶಯ ಕಾಡತೊಡಗಿತು. ನನ್ನದು ಕೀಚಲು ದನಿ. ಚಿಕ್ಕಂದಿನಿಂದಲೂ ಚರ್ಚಿನ ಹಾಡುಗಾರರ ಕಾಯರ್‌ನಲ್ಲಿ ನನ್ನನ್ನು ಮೇಲಿನ ಸ್ವರಕ್ಕೇ ನಿಲ್ಲಿಸುತ್ತಿದ್ದರು. ಅಯ್ಯನವರ ಹಾಗೆ ದನಿಯನ್ನು ಹೊಟ್ಟೆಯಿಂದ ಎಳೆದು, ಅವರ ಕಿವಿಯ ಹತ್ತಿರ ಕೇಳಿದೆ: "ಮಾವ, ದಿನಾ ಸಂಜೆ ನಾನು ಹೇಳ್ತಿದ್ದೆನಲ್ಲ, ಅದು ನಿಮಗೆ ಕೇಳಿಸ್ತಿತ್ತಾ?"

"ಎಲ್ಲೀದಮ್ಮಾ" ಎಂದರು ಅವರು, ಸಂಕೋಚದಿಂದ. "ಮುಖ ಸಣ್ಣಗೆ ಮಾಡ್ಕೊಂಡು ಏನೋ ಹೇಳ್ತಿದ್ದೆ. ಪಾಪ, ಏನೋ ದೊಡ್ಡ ಕಷ್ಟ ಹೇಳ್ಕೊತಾ ಅವಳೆ, ನಡುವೆ ಏನು ಅಂತ ಕೇಳಿದ್ರೆ ನೊಂದ್ಕೊತಾಳೆ ಅಂತ ಊಂ ಅಂತಿದ್ದೆ. ಆ ಕಷ್ಟ ತೀರ್ಲಿ ಅಂತ ದಿನಾ ಪ್ರಾರ್ಥನೇನೂ ಮಾಡ್ತಿದ್ದೆ."

ಡ್ರಮ್ಮು ಹೋಗಲಿ ಎಂದು ನಾನು ಬೇಡುತ್ತಿದ್ದಾಗ, ನನ್ನ ಕಷ್ಟ ತೀರಲಿ ಎಂದು ಅವರು ಬೇಡುತ್ತಿದ್ದರು. ಡ್ರಮ್ಮು ಉಳಿಯಿತು, ಕಷ್ಟ ಹೋಯಿತು; ದೇವರು ಯಾರ ಮಾತು ಕೇಳಿದನೆಂದು ಹೇಳಬೇಕಾಗಿಲ್ಲ.

ಮುಂದಿನ ಭಾನುವಾರ ನಾನೂ ಮಾವನವರ ಪಕ್ಕ ಆ ಬೆಂಚಿನಲ್ಲೇ ಕೂತೆ. ಶೀಬಾ ಕೀರ್ತನೆಯೊಂದಕ್ಕೆ ಮೆಲ್ಲನೆ, ಎಣಿಸಿದ ಹಾಗೆ ಏಟು ಕೊಡುತ್ತಿದ್ದಳು. ಬೆಂಚಿನ ಮರ ನಡುಗಿ ನನ್ನ ಬೆನ್ನಿಗೆ ತಾಗುತ್ತಿತ್ತು. ಮಾವನವರು ಕಣ್ಣು ಮುಚ್ಚಿ ಹಾಡುತ್ತಿದ್ದರು. ಅವರ ಶ್ರುತಿ ಎಲ್ಲೋ, ಸಭೆಯ ಶ್ರುತಿ ಎಲ್ಲೋ; ತಾಳ ಮಾತ್ರ ಕೂದಲೆಳೆಯಷ್ಟೂ ಆಚೀಚೆಯಾಗಲಿಲ್ಲ. ಒಂದು ಕಾಲಕ್ಕೆ ಊರಿಗೆಲ್ಲ ಶ್ರುತಿ ಕೊಟ್ಟವರ ಬಾಯಿಂದ ಆ ಅಪಸ್ವರ ಕೇಳುತ್ತಾ ನಾನು ಹಾಡುವುದು ಬಿಟ್ಟು, ಬೆಂಚಿನ ಮೇಲೆ ಬೆರಳಿನಿಂದ ಅವರ ತಾಳ ಹಿಡಿದೆ.

ಈಗ ಅವರ ಜೊತೆ ಮಾತಾಡುವಾಗ ನಾನು ಗಂಡಸರ ದನಿ ತೆಗೆಯುತ್ತೇನೆ. ಬೀದಿಯಲ್ಲಿ ಹೋಗುವವರು, ಈ ಮನೆಗೆ ಯಾರೋ ನೆಂಟರು ಬಂದಿದ್ದಾರೆ ಎಂದುಕೊಳ್ಳುತ್ತಾರಂತೆ. ಮೊನ್ನೆ ಅದೇ ದಪ್ಪ ದನಿಯಲ್ಲಿ, "ಮಾವ, ಡ್ರಮ್ಮಿರಲಿ, ಬೇಡ ಅನ್ನಲ್ಲ. ಸ್ವಲ್ಪ ಮೆತ್ತಗೆ ಬಾರಿಸೋಕೆ ಹೇಳೋಣವಾ?" ಎಂದೆ. ಅವರು ಪೂರ್ತಿ ಕೇಳಿಸಿಕೊಂಡು, ಒಂದು ಗಳಿಗೆ ಯೋಚಿಸಿ, "ಅದಾಗಲ್ಲಮ್ಮಾ" ಎಂದರು. ನಾನು ಈ ಮನೆಗೆ ಬಂದಾಗಿನಿಂದ ಮಾವನವರು ನನ್ನ ಮಾತನ್ನು ತಳ್ಳಿಹಾಕಿದ್ದು ಅದೇ ಮೊದಲು. ಮುಖ ಊದಿಸಿಕೊಂಡು ಅಡುಗೆಮನೆಗೆ ಹೋದೆ. ಕೇಳಿಸಿಕೊಳ್ಳುವವರ ಜೊತೆ ಬಾಳುವುದು ನನಗಿನ್ನೂ ಅಭ್ಯಾಸವಾಗಬೇಕು.