ಹನ್ನೊಂದು ತಿಂಗಳ ಮನೆಗಳು

ಚಿಕ್ಕೋಡಿ ಕೋರ್ಟಿನ ಎದುರಿಗೆ ಒಂದು ಝೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಕೂತು ಬಾಡಿಗೆ ಕರಾರುಪತ್ರ ಟೈಪ್ ಮಾಡುವವನು ನಾನು. ಹನ್ನೊಂದು ತಿಂಗಳಿಗೆ ಕರಾರು ಮುಗಿಯುತ್ತದೆ. ಮಾಲೀಕರೂ ಬಾಡಿಗೆದಾರರೂ ಮತ್ತೆ ಬರುತ್ತಾರೆ, ಬರುವಾಗ ಹೊಸದೊಂದು ತಕರಾರು ತರುತ್ತಾರೆ. ಹೀಗಾಗಿ ನಗುವುದಕ್ಕೆ ನನಗೆ ಬರಗಾಲವಿಲ್ಲ.

ನನಗೊಂದು ಕೆಟ್ಟ ಚಟವಿದೆ. ಜನ ತಮ್ಮ ಮನೆಯ ವಿಷಯ ಹೇಳುತ್ತಿದ್ದರೆ ನಾನು ಕೂತಲ್ಲೇ ಆ ಮನೆಯೊಳಗೆ ಹೋಗಿಬಿಡುತ್ತೇನೆ. ಕಿಟಕಿ ತೆಗೆಯುತ್ತೇನೆ, ಅಡುಗೆಮನೆಯಲ್ಲಿ ನನ್ನ ಹೆಂಡತಿಯನ್ನು ನಿಲ್ಲಿಸಿ ನೋಡುತ್ತೇನೆ. ಏಳನೇ ಬಾಡಿಗೆ ಮನೆಯಲ್ಲಿರುವವನಿಗೆ ಇಷ್ಟೂ ಆಸೆ ಬೇಡವೇ?

ಮೊಳೆ

ನಿಪ್ಪಾಣಿಯ ಮಾಲೀಕರೊಬ್ಬರು ಗೋಡೆಗೆ ಹೊಸ ಬಣ್ಣ ಹೊಡೆಸಿದ್ದರು. ಯಾವ ಗೋಡೆಗೂ ಮೊಳೆ ಬಡಿಯಕೂಡದು ಎಂದು ಕರಾರಿನಲ್ಲಿ ಬರೆಸಿ, ಅದರ ಕೆಳಗೆ ಎರಡು ಗೆರೆ ಎಳೆಸಿದರು. ಬಾಡಿಗೆಗೆ ಬಂದವರು ಶಾಲೆಯ ಮಾಸ್ತರು, ಮಾತಿಗೆ ತಪ್ಪದ ಮನುಷ್ಯ.

ಹನ್ನೊಂದು ತಿಂಗಳಾದ ಮೇಲೆ ಹೊಸ ಕರಾರಿಗೆ ಸಹಿ ಮಾಡಿಸಲು ಮಾಲೀಕರ ಜೊತೆ ನಾನೂ ಹೋದೆ. ಪಡಸಾಲೆಯಲ್ಲಿ ಮೊದಲಿನಿಂದ ಇದ್ದ ಒಂದೇ ಒಂದು ಮೊಳೆಗೆ ಕ್ಯಾಲೆಂಡರು, ಅದರ ಮೇಲೆ ಛತ್ರಿ, ಛತ್ರಿಯ ಮೇಲೆ ಚೀಲ, ಚೀಲದ ಮೇಲೆ ಮಾಸ್ತರ ಅಂಗಿ. ಮಾಲೀಕರು ಬೆವರು ಒರೆಸಿಕೊಂಡು ತಲೆಯ ಟೊಪ್ಪಿಗೆ ತೆಗೆದರು. ಟೊಪ್ಪಿಗೆ ಹಿಡಿದುಕೊಂಡು ನಾಲ್ಕೂ ಗೋಡೆ ಸುತ್ತಿ ಬಂದರು.

"ಇದೆಂಥಾ ಮನೀರಿ ಮಾಸ್ತರ? ಟೊಪ್ಪಗಿ ಹಾಕಾಕ ಒಂದ್ ಮೊಳಿನೂ ಇಲ್ಲ."

ಮಾಸ್ತರು ಕೈಮುಗಿದು, "ಮಾಲಕರನ್ನ ಕೇಳಬೇಕ್ರಿ" ಎಂದರು.

ಸ್ವಂತ ಉಪಯೋಗ

ರಾಯಬಾಗದ ಇನ್ನೊಬ್ಬ ಮಾಲೀಕರು, ಮನೆ ತಮ್ಮ ಸ್ವಂತ ಉಪಯೋಗಕ್ಕೆ ಬೇಕು, ಖಾಲಿ ಮಾಡಿರಿ ಎಂದು ವಕೀಲರಿಂದ ನೋಟಿಸು ಕಳಿಸಿದರು. ಕಳಿಸಿ ಸುಮ್ಮನಿರಲಿಲ್ಲ. ಸಾಮಾನು ಕಟ್ಟುತ್ತಿದ್ದಾರೋ ಇಲ್ಲವೋ ನೋಡಲು ದಿನಾ ಬರತೊಡಗಿದರು. ಬಿಸಿಲಲ್ಲಿ ಬಂದವರಿಗೆ ಬಾಡಿಗೆದಾರರ ಮನೆಯಾಕೆ ಮಜ್ಜಿಗೆ ಕೊಟ್ಟಳು. ಮರುದಿನ ಹೊತ್ತಾಯಿತೆಂದು ರೊಟ್ಟಿ, ಝುಣಕ ಬಡಿಸಿದಳು. ಮೂರನೆಯ ದಿನ ಉಂಡವರಿಗೆ ಕಣ್ಣು ಎಳೆಯಿತು, ಪಡಸಾಲೆಯ ಹೊರಸಿನ ಮೇಲೆ ಹಾಗೇ ಅಡ್ಡಾದರು. ಆ ಪಡಸಾಲೆಯ ತಂಪು ಅಂಥದ್ದಂತೆ. ಕೇಳುತ್ತಿದ್ದ ನನಗೇ ಆಕಳಿಕೆ ಬಂತು.

ನೋಟಿಸಿಗೆ ಉತ್ತರ ಬರೆಸಲು ಆಕೆಯೇ ನನ್ನ ಹತ್ತಿರ ಬಂದಿದ್ದಳು. ಏನು ಬರೆಯಲಿ ಎಂದು ಕೇಳಿದೆ.

"ಮಾಲಕರು ದಿನಾ ಬರ್ತಾರ, ಉಣ್ತಾರ, ನಾಕ್ ಗಂಟೆತನಾ ಮಲಗ್ತಾರ. ಇನ್ನ ಯಾವ ಉಪಯೋಗ ಉಳದೈತಿ ಅಂತ ಕೇಳ್ರಿ."

ನಾಲ್ಕು ದಿಕ್ಕು

ಮೇಲಿನ ಎರಡೂ ಬೇರೆಯವರದು. ಇದು ನನ್ನದು.

ಜುಗೂಳದ ರೈತರೊಬ್ಬರಿಗೆ ಚಿಕ್ಕೋಡಿಯಲ್ಲಿ ಒಂದು ಮನೆಯಿತ್ತು. ಅದನ್ನು ಪಶು ಆಸ್ಪತ್ರೆಯ ನೌಕರನೊಬ್ಬನಿಗೆ ಬಾಡಿಗೆಗೆ ಕೊಡಲು ಬಂದು ನನ್ನೆದುರು ಕೂತರು. ಟೈಪ್ ಮಾಡುವಷ್ಟು ಹೊತ್ತು ತಮ್ಮೂರಿನ ಕೃಷ್ಣೆಯ ಮಾತು: ಬೆಳಗಿನ ಮಂಜು, ದಂಡೆಯ ಮೇಲಿನ ಕಬ್ಬಿನ ಸಪ್ಪಳ, ನೀರಿನ ತಂಪು. ಹೊರಗೆ ಮೋಡ ಕವಿದಿತ್ತು. ನಾನು ಕೂತಲ್ಲೇ ಹೊರಟುಹೋದೆ. ಬೆರಳು ಮಾತ್ರ ಟೈಪ್ ಮಾಡುತ್ತಿದ್ದವು. ಇಬ್ಬರೂ ಓದದೆ ಸಹಿ ಮಾಡಿದರು, ಇಲ್ಲಿ ಯಾರೂ ಓದುವುದಿಲ್ಲ.

ಎಂಟು ತಿಂಗಳ ಮೇಲೆ ಜಗಳ ಬಂತು. ಕೊಟ್ಟಿದ್ದು ಎರಡು ಖೋಲಿ ಮಾತ್ರ, ಹಿತ್ತಲು ಕೊಟ್ಟಿಲ್ಲ ಎಂದು ಮಾಲೀಕರು ಹಿಂಬಾಗಿಲಿಗೆ ಕೀಲಿ ಜಡಿದರು. ಹಿತ್ತಲಿನಲ್ಲಿ ನೌಕರನ ಹೆಂಡತಿ ಹಚ್ಚಿದ ಹೀರೆಬಳ್ಳಿ ಆಗಷ್ಟೇ ಹೂ ಬಿಟ್ಟಿತ್ತು. ನಾಲ್ಕು ದಿನದಿಂದ ನೀರಿಲ್ಲ, ಇನ್ನೆರಡು ದಿನ ಹೋದರೆ ಬಳ್ಳಿ ಸತ್ತೇಹೋಗುತ್ತದೆ ಎಂದು ಆಕೆ ನಮ್ಮ ಅಂಗಡಿಯ ಮುಂದೆ ಮಾಲೀಕರೆದುರೇ ಕಣ್ಣೀರು ಹಾಕಿದಳು.

ಅಲ್ಲಿದ್ದ ಹಿರಿಯ ವಕೀಲರೊಬ್ಬರು ಸಮಾಧಾನ ಮಾಡಿದರು. ಕರಾರಿನ ಕೊನೆಗೆ ಚಕ್ಕುಬಂದಿ ಇರುತ್ತದಲ್ಲ, ಮನೆಯ ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ಪಟ್ಟಿ, ಅದನ್ನು ನೋಡಿದರೆ ಹಿತ್ತಲು ಒಳಗೋ ಹೊರಗೋ ಗೊತ್ತಾಗುತ್ತದೆ ಎಂದರು. ಮಾಲೀಕರು ತಂದಿದ್ದ ಕರಾರು ತೆಗೆದುಕೊಂಡು, ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

"ಪೂರ್ವಕ್ಕೆ ಒಂದು ಲಿಂಬೆ ಗಿಡ. ಪಶ್ಚಿಮಕ್ಕೆ ಸಂಜೆ ಬಿಸಿಲು ಬೀಳುವ ಕಟ್ಟೆ. ಉತ್ತರಕ್ಕೆ ಕೃಷ್ಣಾ ನದಿ. ದಕ್ಷಿಣಕ್ಕೆ ಮಾಲೀಕರ ಮನೆ ಇರುವುದಿಲ್ಲ."

ಕೃಷ್ಣೆ ಚಿಕ್ಕೋಡಿಯಿಂದ ಎಷ್ಟು ದೂರ ಎಂದು ಸಣ್ಣ ಮಕ್ಕಳಿಗೂ ಗೊತ್ತು. ಇನ್ನು ದಕ್ಷಿಣದ ಮಾತು: ನನ್ನ ಈಗಿನ ಮಾಲೀಕರು ನಮ್ಮ ದಕ್ಷಿಣದ ಗೋಡೆಗೇ ಅಂಟಿಕೊಂಡಿದ್ದಾರೆ, ನಮ್ಮ ಕುಕ್ಕರು ಎಷ್ಟು ಸೀಟಿ ಹೊಡೆಯಿತೆಂದು ಲೆಕ್ಕ ಇಡುತ್ತಾರೆ. ಆ ಸಂಕಟವೆಲ್ಲ ಕರಾರಿಗೆ ಇಳಿದುಬಿಟ್ಟಿತ್ತು. ಇನ್ನು ನನ್ನ ಕೈಯಲ್ಲಿ ಯಾರು ಬರೆಸುತ್ತಾರೆ ಎಂದುಕೊಂಡೆ.

ವಕೀಲರು ಕನ್ನಡಕ ತೆಗೆದು ನನ್ನತ್ತ ತಿರುಗಿ, ಇದು ಯಾರ ಮನೆ ಎಂದು ಕೇಳಿದರು.

"ನಂದ್ರೀ ಸಾಹೇಬ್ರ," ಎಂದೆ. "ಇನ್ನೂ ಕಟ್ಟಿಲ್ರಿ."

ನಾಚಿಕೆಯಿಂದ ತಲೆ ತಗ್ಗಿಸಿ ಕೀಬೋರ್ಡನ್ನೇ ನೋಡುತ್ತ ಕೂತೆ. ಜುಗೂಳದ ಮಾಲೀಕರು ಕರಾರನ್ನು ವಕೀಲರ ಕೈಯಿಂದ ಇಸಿದುಕೊಂಡು, ಆ ನಾಲ್ಕು ಸಾಲನ್ನು ತಾವೇ ಮತ್ತೊಮ್ಮೆ ತುಟಿ ಅಲ್ಲಾಡಿಸುತ್ತ ಓದಿಕೊಂಡರು. ಆಮೇಲೆ ಕಿಸೆಯಿಂದ ಕೀಲಿಕೈ ತೆಗೆದು ಆ ಹೆಣ್ಣುಮಗಳ ಕೈಗೆ ಕೊಟ್ಟು, ಹೋಗವ್ವಾ, ಬಳ್ಳಿಗೆ ನೀರು ಹಾಕು ಎಂದರು. ಹೋಗುವ ಮುಂದೆ ನನ್ನ ಟೇಬಲ್ಲಿನ ಮೇಲೆ ಬಗ್ಗಿದರು.

"ಕಟ್ಟಿದ ಮ್ಯಾಲ ಮೊದಲ ನನಗ ಹೇಳಪಾ. ಆ ಮನಿಗೆ ನಾನ ಬಾಡಿಗಿ ಬರ್ತೇನಿ. ಆದ್ರ ಆಗ ಮಾಲಕ ನೀ ಆಗ್ತಿ, ನೀ ಮಾತ್ರ ದಕ್ಷಿಣಕ್ಕ ಇರಬ್ಯಾಡ."