ನಲವತ್ತಕ್ಕೆ ಮೂವತ್ತೆಂಟು ತೆಗೆದ ಆಂಟಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಚೆನ್ನಾಗಿ ಹೇಳಲು ಬರುವುದಿಲ್ಲ. ಇದುವರೆಗೆ ನಾನು ಬರೆದಿರುವುದೆಲ್ಲ ಅರ್ಜಿ, ರಿಪೋರ್ಟು ಮತ್ತು ರೆಂಟ್ ಮನೆಯ ಏಜೆಂಟರಿಗೆ ಇಮೇಲ್. ಸಿಡ್ನಿಯ ನಮ್ಮ ಕನ್ನಡ ಬಳಗದವರು ಯುಗಾದಿ ಸಂಚಿಕೆಗೆ, "ನಗಿಸುವಂಥದ್ದು ಏನಾದರೂ ಕೊಡಿ, ನಿಮ್ಮ ಕೆಲಸದಲ್ಲಿ ದಿನಾ ಆಗ್ತಾ ಇರುತ್ತಲ್ಲ" ಎಂದರು. ಆಗುತ್ತಿರುತ್ತದೆ, ನಿಜ. ನಾನು ಯಾರಿಗಾದರೂ ಸಹಾಯ ಮಾಡಲು ಹೊರಟರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ. ಕೇಳಿದವರು ನಗುತ್ತಾರೆ. ನಾನೂ ನಗುತ್ತೇನೆ. ಆಮೇಲೆ ಕಾರಿನಲ್ಲಿ ಒಬ್ಬನೇ ಮನೆಗೆ ಬರುವಾಗ ನಗು ಇರುವುದಿಲ್ಲ.

ಕೆಲಸ ಏನೆಂದು ಮೊದಲು ವಿವರಿಸಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ತುಮಕೂರಿನವನು, ಮೆಲ್ಬರ್ನ್‌ಗೆ ವಿದ್ಯಾರ್ಥಿಯಾಗಿ ಬಂದವನು. ಪಿಆರ್, ಅಂದರೆ ಇಲ್ಲೇ ನೆಲೆಸಲು ಪರವಾನಗಿ, ಸಿಕ್ಕ ಮೇಲೆ ಅಲ್ಲಿಯೇ ಕ್ರೇಗಿಬರ್ನ್ ಬಡಾವಣೆಯ ಒಂದು ಸಮುದಾಯ ಕೇಂದ್ರದಲ್ಲಿ ಸಹಾಯಕನಾಗಿ ಸೇರಿದೆ. ಅಲ್ಲಿ ದೊಡ್ಡವರಿಗೆ, ಅಂದರೆ ಶಾಲೆ ಅರ್ಧಕ್ಕೇ ಬಿಟ್ಟ ವಯಸ್ಸಾದವರಿಗೆ, ಇಂಗ್ಲಿಷ್ ಓದು ಬರಹ ಕಲಿಸುತ್ತಿದ್ದರು. ಬಸ್ಸಿನಲ್ಲಿ ಇಪ್ಪತ್ತು ನಿಮಿಷ ಹೋದರೆ ಒಂದು ಕಮ್ಯುನಿಟಿ ಕಾಲೇಜು. ಅಲ್ಲಿ ಅಡುಗೆ, ಹೊಲಿಗೆ, ಮಕ್ಕಳನ್ನು ನೋಡಿಕೊಳ್ಳುವ ಕೆಲಸ, ಇವಕ್ಕೆಲ್ಲ ಸರ್ಟಿಫಿಕೇಟ್ ಕೊಡುತ್ತಿದ್ದರು. ನಮ್ಮಲ್ಲಿ ಅಕ್ಷರ ಕಲಿತವರು ಆ ಇಪ್ಪತ್ತು ನಿಮಿಷ ದಾಟಿ ಕಾಲೇಜಿಗೆ ಹೋಗುತ್ತಲೇ ಇರಲಿಲ್ಲ. ಅದಕ್ಕೆ ಎರಡೂ ಕಡೆಯವರು ಸೇರಿ ಒಂದು ಜೋಡಿ ಕ್ಲಾಸು ಮಾಡಿದರು. ಅಡುಗೆ ಕಲಿಸುವವರು ಒಬ್ಬರು, ಅದೇ ಒಲೆಯ ಪಕ್ಕದಲ್ಲಿ ನಿಂತು ಡಬ್ಬದ ಮೇಲಿನ ಚೀಟಿ ಓದುವುದನ್ನು ಕಲಿಸುವವರು ಇನ್ನೊಬ್ಬರು. ಹನ್ನೆರಡೇ ಜಾಗ. ನಮ್ಮವರನ್ನು ಅಲ್ಲಿಗೆ ಸೇರಿಸುವುದು ನನ್ನ ಕೆಲಸ.

ಐದು ವರ್ಷದ ಪ್ರಶ್ನೆ

ಉಡುಪಿ ಕಡೆಯ ಒಬ್ಬ ಆಂಟಿ ಬಂದರು. ಐವತ್ತು ದಾಟಿತ್ತು. ಮನೆಮಾತು ತುಳು. ನಾಲ್ಕನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ್ದರು. ಮದುವೆಯಾಗಿ ಮುಂಬೈ ಸೇರಿ, ಅಲ್ಲಿ ಇಪ್ಪತ್ತು ವರ್ಷ ದಿನಕ್ಕೆ ನಲವತ್ತು ಊಟದ ಡಬ್ಬಿ ಕಟ್ಟಿದವರು. ಗಂಡ ತೀರಿಕೊಂಡ ಮೇಲೆ ಮಗನ ಜೊತೆ ಇಲ್ಲಿಗೆ ಬಂದಿದ್ದರು. ಅವರ ಮನೆಯ ಹಿಂದಿನ ಬೀದಿಯಲ್ಲೇ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಹೋಮ್ ಇತ್ತು. ಅದರ ಅಡುಗೆಮನೆಯಲ್ಲಿ ಕೆಲಸ ಮಾಡಬೇಕೆಂದು ಆಂಟಿಗೆ ಆಸೆ. ಸರ್ಟಿಫಿಕೇಟ್ ಇಲ್ಲದೆ ಒಳಗೆ ಬಿಡುವುದಿಲ್ಲ.

"ಅಲ್ಲಿ ಕೆಲಸದ ಹೆಂಗಸರು ಎದೆಗೆ ಹೆಸರು ಹಾಕಿಕೊಂಡಿರ್ತಾರೆ ಮಾರಾಯ, ಬ್ಯಾಡ್ಜು. ಇಲ್ಲಿಗೆ ಬಂದ ಮೇಲೆ ನನ್ನ ಹೆಸರು ಹಿಡಿದು ಕರೆದವರೇ ಇಲ್ಲ. ಎಲ್ಲರಿಗೂ ನಾನು ಇಂಥವನ ಮಮ್ಮಿ. ನನಗೊಂದು ಬ್ಯಾಡ್ಜು ಬೇಕು" ಎಂದರು.

ನಮ್ಮ ಕೋಆರ್ಡಿನೇಟರ್ ಇಲ್ಲಿಯವರೇ, ಒಳ್ಳೆಯ ಹೆಂಗಸು. ಅವರು ಹೇಳುತ್ತಿದ್ದುದು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರು ಫಾರಂ ತೆಗೆದು ಕೇಳಿದರು: "ಐದು ವರ್ಷದ ನಂತರ ನೀವು ಎಲ್ಲಿರುತ್ತೀರಿ?"

ನಾನು ಕನ್ನಡದಲ್ಲಿ ಹೇಳಿದೆ. ಆಂಟಿಯ ಮುಖ ಕಪ್ಪಿಟ್ಟಿತು. "ಎಂತ ಮಾತು ಇದು? ಬೆಳ್ಳಂಬೆಳಿಗ್ಗೆ ಯಾರಾದರೂ ಹೀಗೆ ಕೇಳ್ತಾರಾ? ಅದು ದೇವರಿಗೆ ಬಿಟ್ಟದ್ದು."

ನಾನು ಕೋಆರ್ಡಿನೇಟರ್‌ಗೆ, "ಅವರು ಯಾವುದಕ್ಕೂ ಸಿದ್ಧರಿದ್ದಾರಂತೆ" ಎಂದೆ. ಅವರು ಸಂತೋಷದಿಂದ ಬರೆದುಕೊಂಡರು.

ಆಂಟಿ ಬಿಡಲಿಲ್ಲ. "ಅವರು ಎಲ್ಲಿರ್ತಾರಂತೆ ಐದು ವರ್ಷ ಬಿಟ್ಟು? ಕೇಳು."

ಕೇಳಿದೆ. ಕೋಆರ್ಡಿನೇಟರ್ ಪೆನ್ನು ಕೆಳಗಿಟ್ಟರು. "ನಿಜ ಹೇಳಬೇಕೆಂದರೆ ನನ್ನ ಕಾಂಟ್ರ್ಯಾಕ್ಟ್ ಜೂನ್‌ಗೆ ಮುಗಿಯುತ್ತದೆ. ಗೊತ್ತಿಲ್ಲ."

ಆಂಟಿ ಅವರ ಕೈ ತಟ್ಟಿ ನನ್ನ ಕಡೆ ತಿರುಗಿದರು. "ಪಾಪ, ಮೊದಲು ಇವರ ಫಾರಂ ತುಂಬಿಸು. ನನಗೇನೂ ಅರ್ಜೆಂಟಿಲ್ಲ."

ಕಾಲೇಜಿನ ಅಡುಗೆಮನೆ

ಜೋಡಿ ಕ್ಲಾಸಿಗೆ ಮುಂಚೆ ಒಂದು ದಿನ ಎಲ್ಲರನ್ನೂ ಕಾಲೇಜು ತೋರಿಸಲು ಕರೆದುಕೊಂಡು ಹೋದೆ. ಎಂಟು ಜನ. ಬಾಗಿಲು ತೆರೆದರೆ ಸ್ಟೀಲಿನ ದೊಡ್ಡ ಅಡುಗೆಮನೆ. ಗೋಡೆಯಿಂದ ಗೋಡೆಗೆ ಒಲೆಗಳು.

ಆಂಟಿ ಮುಂದೆ ಇದ್ದರು. ಬಾಗಿಲಲ್ಲಿ ನಿಂತು, ಒಂದು ಕ್ಷಣ ನೋಡಿ, ಷೂ ಕಳಚಿ ಗೋಡೆಗೆ ಒತ್ತಿಟ್ಟು ಒಳಗೆ ಕಾಲಿಟ್ಟರು. ಅವರ ಹಿಂದಿದ್ದ ವಿಯೆಟ್ನಾಮಿನ ಹೆಂಗಸೂ ಕಳಚಿದರು. ಅವರ ಹಿಂದಿದ್ದವರೂ ಕಳಚಿದರು. ಇದು ಕಾಲೇಜಿನ ನಿಯಮ ಇರಬೇಕೆಂದು ಉಳಿದವರೂ ಕಳಚಿದರು. ನಿಯಮ ಗೊತ್ತಿದ್ದ ನಾನೂ ಕಳಚಿದೆ. ಯಾಕೆಂದು ಈಗಲೂ ಹೇಳಲಾರೆ. ಒಂಬತ್ತು ಜೊತೆ ಷೂ ಸಾಲಾಗಿ ನಿಂತಾಗ ಒಬ್ಬನೇ ಹಾಕಿಕೊಂಡು ಹೋಗಲು ಕಾಲು ಬರುವುದಿಲ್ಲ. (ಎಂಟು ಜೊತೆ. ನನ್ನದು ಸೇರಿಸಿ ಒಂಬತ್ತು.)

ಅಡುಗೆ ಕಲಿಸುವ ಮೇಷ್ಟ್ರು ತಿರುಗಿ ನೋಡಿದವರೇ ಕೂಗಿಕೊಂಡರು. ಅಲ್ಲಿ ಬಿಸಿ ಎಣ್ಣೆ, ಚಾಕು, ಏನು ಬೇಕಾದರೂ ಕಾಲ ಮೇಲೆ ಬೀಳಬಹುದು, ಷೂ ಇಲ್ಲದೆ ಒಳಗೆ ಬರುವಂತೆಯೇ ಇಲ್ಲ. ಅವರು ಗಾಬರಿಯಿಂದ ಆಂಟಿಯ ಕಾಲಿಗೆ ಬೆರಳು ತೋರಿಸಿ ಏನೇನೋ ಹೇಳಿದರು.

ಆಂಟಿ ತಮ್ಮ ಕಾಲು ನೋಡಿಕೊಂಡರು. "ಓ, ಇವರು ನಮಗಿಂತ ಮಡಿ!" ಎಂದು ಬಗ್ಗಿ ಸಾಕ್ಸನ್ನೂ ತೆಗೆದರು.

ಅದೇ ದಿನ, ಎಲ್ಲರೂ ಷೂ ಹಾಕಿಕೊಂಡು ಬಂದ ಮೇಲೆ, ಆಂಟಿ ಮೂರು ಒಲೆ ಆಚೆಯಿಂದ ವಾಸನೆಯಲ್ಲೇ ಹಿಡಿದು "ಅದು ಅಡಿ ಹಿಡೀತದೆ" ಎಂದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಮೇಷ್ಟ್ರು ಹೋಗಿ ಪಾತ್ರೆ ಕದಡಿ ನೋಡಿ, ಬೆಂಕಿ ಆರಿಸಿ, "ಇವರನ್ನು ನನಗೆ ಕೊಡಿ" ಎಂದರು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಮುಂದಿನದಕ್ಕೆ ಬೇಕಾಗುತ್ತದೆಂದು ಬರೆದೆ.

ಕೋಚಿಂಗ್

ಜೋಡಿ ಕ್ಲಾಸಿಗೆ ಸೇರುವ ಮುಂಚೆ ಕಾಲೇಜಿನವರು ಒಂದು ಓದಿನ ಟೆಸ್ಟ್ ಕೊಡುತ್ತಿದ್ದರು. ಕೋಆರ್ಡಿನೇಟರ್ ನನಗೆ ಎರಡು ಸಲ ಹೇಳಿದ್ದರು: "ಇದು ಪಾಸು ಫೇಲಿನ ಪರೀಕ್ಷೆ ಅಲ್ಲ. ಯಾರಿಗೆ ಎಷ್ಟು ಸಹಾಯ ಬೇಕು ಎಂದು ತಿಳಿಯುವುದಕ್ಕೆ. ಯಾರೂ ಓದಿಕೊಂಡು ಬರಬೇಕಾಗಿಲ್ಲ."

ನಾನು ತಲೆಯಾಡಿಸಿದೆ. ಆದರೆ ಟೆಸ್ಟ್ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ನಮ್ಮವರಿಗೆ ಉಳಿದದ್ದು ಕೇಳಿಸುತ್ತದೆಯೇ? ಆಂಟಿ, "ಎಷ್ಟು ಮಾರ್ಕಿಗೆ?" ಎಂದರು. ನಾನು, "ನಲವತ್ತಕ್ಕೆ" ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎಸ್ಸೆಸ್ಸೆಲ್ಸಿಗೆ ನನ್ನ ಅಣ್ಣ ನನಗೆ ಮಾಡಿದ್ದನ್ನೇ ನಾನು ಆಂಟಿಗೆ ಮಾಡಿದೆ. ಕೇಂದ್ರದ ಬೀರುವಿನಲ್ಲಿ ಕಾಲೇಜಿನವರ ಹಳೆಯ ಪ್ರಶ್ನೆಪತ್ರಿಕೆಗಳಿದ್ದವು. ಬೀಗದ ಕೈ ನನ್ನ ಹತ್ತಿರ ಇತ್ತು. ತೆಗೆದು ನೋಡಿದರೆ ಎಲ್ಲವೂ ಒಂದೇ. ಓದಿಕೊಂಡು ಬರುವವರು ಯಾರೂ ಇಲ್ಲವೆಂಬ ನಂಬಿಕೆಯಲ್ಲಿ ಅವರು ಪತ್ರಿಕೆ ಬದಲಿಸುತ್ತಲೇ ಇರಲಿಲ್ಲ.

ಮೂರು ವಾರ, ಶನಿವಾರ ಭಾನುವಾರ, ಆಂಟಿಯ ಮನೆಯಲ್ಲಿ ಕೋಚಿಂಗ್. ಆಂಟಿಗೆ ಇಂಗ್ಲಿಷ್ ಅಕ್ಷರ ಗೊತ್ತಿತ್ತು, ಓದಲು ಬರುತ್ತಿರಲಿಲ್ಲ. ಆದರೆ ನಲವತ್ತು ಮನೆಯಲ್ಲಿ ಯಾರಿಗೆ ಉಪ್ಪು ಕಡಿಮೆ, ಯಾರಿಗೆ ಬೆಳ್ಳುಳ್ಳಿ ಬೇಡ ಎಂದು ಇಪ್ಪತ್ತು ವರ್ಷ ತಲೆಯಲ್ಲೇ ಇಟ್ಟುಕೊಂಡವರು. ಬಸ್ಸಿನ ಚಿತ್ರವಿದ್ದರೆ ಉತ್ತರ ಏಳು ನಲವತ್ತೆರಡರ ಬಸ್. ಬೆಂಕಿಯ ಚಿತ್ರವಿದ್ದರೆ ಲಿಫ್ಟ್ ಬಳಸದೆ ಮೆಟ್ಟಿಲಿನಿಂದ ಹೊರಗೆ ಹೋಗಬೇಕು. ಒಂದೊಂದು ಅಕ್ಷರವನ್ನೂ ರಂಗೋಲಿ ಎಳೆ ಹಾಕಿದ ಹಾಗೆ ನೆನಪಿಟ್ಟು ಬರೆದರು. ನನಗೆ ನೀರ್ ದೋಸೆ ಬಡಿಸುತ್ತಾ, "ಕೇಳು, ಕೇಳು, ಹದಿನೇಳನೇದು ಕೇಳು" ಎನ್ನುತ್ತಿದ್ದರು.

ನಲವತ್ತಕ್ಕೆ ಮೂವತ್ತೆಂಟು ಬಂತು. ಆಂಟಿ ಇಡೀ ಕೇಂದ್ರಕ್ಕೆ ಕೊಬ್ಬರಿ ಮಿಠಾಯಿ ಹಂಚಿದರು. ಕೋಆರ್ಡಿನೇಟರ್ ಒಂದು ತುಂಡು ಬಾಯಿಗೆ ಹಾಕಿಕೊಂಡು ಕಾಲೇಜಿನ ಪತ್ರ ಓದಿದರು. "ಎಷ್ಟು ಒಳ್ಳೆಯ ಸುದ್ದಿ! ಇವರಿಗೆ ಜೋಡಿ ಕ್ಲಾಸು ಬೇಕಾಗಿಯೇ ಇಲ್ಲವಂತೆ. ಪಕ್ಕದಲ್ಲಿ ಓದಿಹೇಳುವವರೂ ಬೇಡ. ನೇರ ದೊಡ್ಡ ಕ್ಲಾಸಿಗೇ ಹಾಕಿದ್ದಾರೆ."

ನಾನು ಅಷ್ಟರಲ್ಲಿ ಎರಡನೇ ತುಂಡು ಬಾಯಿಗೆ ಹಾಕಿಕೊಂಡಿದ್ದೆ. ಅದನ್ನು ಮೆಲ್ಲಗೆ ಕರ್ಚೀಫಿಗೆ ಉಗುಳಿ ಜೇಬಿಗಿಟ್ಟುಕೊಂಡೆ.

ಕೋಳಿ ಮತ್ತು ಬಸ್ಸು

ದೊಡ್ಡ ಕ್ಲಾಸು ಎಂದರೆ ಇಲ್ಲಿಯೇ ಓದಿದ ಹುಡುಗ ಹುಡುಗಿಯರ ಕ್ಲಾಸು. ಅಡುಗೆ ವಾರಕ್ಕೆ ಎರಡು ದಿನ, ಪುಸ್ತಕ ಮೂರು ದಿನ. ಮೂರನೇ ವಾರ ಅಲ್ಲಿನ ಪುಸ್ತಕದ ಮೇಷ್ಟ್ರು ಆಂಟಿಯ ಉತ್ತರಪತ್ರಿಕೆಯನ್ನು ನಮ್ಮ ಕೇಂದ್ರಕ್ಕೆ ಕಳಿಸಿದರು, ತಮಗೇನೂ ಅರ್ಥವಾಗುತ್ತಿಲ್ಲವೆಂದು.

ಬೇಯಿಸಿದ ಕೋಳಿಯನ್ನು ಎಷ್ಟು ಹೊತ್ತಿನೊಳಗೆ ಫ್ರಿಜ್‌ನಲ್ಲಿಡಬೇಕು? ಆಂಟಿಯ ಉತ್ತರ: ಏಳು ನಲವತ್ತೆರಡರ ಬಸ್.

ಫ್ರಿಜ್ ಕೆಟ್ಟರೆ ಮೊದಲು ಏನು ಮಾಡಬೇಕು? ಲಿಫ್ಟ್ ಬಳಸದೆ ಮೆಟ್ಟಿಲಿನಿಂದ ಹೊರಗೆ ಹೋಗಬೇಕು.

ಕೋಆರ್ಡಿನೇಟರ್ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಟೆಸ್ಟ್ ತಿದ್ದುತ್ತಿದ್ದವರು ಕಾಲೇಜಿನ ಆಫೀಸಿನವರು, ಹಾಗಾಗಿ ಮೇಷ್ಟ್ರಿಗಾಗಲಿ ಕೋಆರ್ಡಿನೇಟರ್‌ಗಾಗಲಿ ಆ ಬಸ್ಸು ಎಲ್ಲಿಯದೆಂದು ತಿಳಿಯಲಿಲ್ಲ. ನನಗೆ ತಿಳಿದಿತ್ತು. ಅವರು ಕಣ್ಣೊರೆಸಿಕೊಂಡು ಕೇಳಿದರು: "ವಿಚಿತ್ರ. ಮೂವತ್ತೆಂಟು ತೆಗೆದವರಲ್ಲವಾ? ಜೋಡಿ ಕ್ಲಾಸಿನಲ್ಲಿ ಒಬ್ಬರು ಬಿಟ್ಟುಹೋಗಿ ಒಂದು ಜಾಗ ಖಾಲಿಯಿದೆ. ನಿಜವಾಗಿ ಇವರಿಗೆ ಸಹಾಯ ಬೇಕಾ, ಅಥವಾ ಸುಮ್ಮನೆ ಹೆದರಿಕೆಯಾ?"

ಆಗ ಹೇಳಬಹುದಿತ್ತು. ಒಂದೇ ವಾಕ್ಯ ಸಾಕಿತ್ತು. ಬೀರು, ಬೀಗದ ಕೈ, ನನ್ನ ಕೆಲಸ, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂತು.

"ಹೆದರಿಕೆ ಇರಬೇಕು" ಎಂದೆ.

ಖಾಲಿ ಜಾಗಕ್ಕೆ ಬೇರೆ ಯಾರೋ ಬಂದರು. ಆಂಟಿ ಆ ತಿಂಗಳೇ ಕಾಲೇಜು ಬಿಟ್ಟರು. ನೋಡಲು ಹೋದರೆ ನೀರ್ ದೋಸೆ ಹಾಕಿ, "ತಪ್ಪು ಅವರದ್ದು ಮಗಾ, ನಾನು ಓದಿದ್ದು ಒಂದನ್ನಾದರೂ ಕೇಳಬೇಡವಾ?" ಎಂದು ನಕ್ಕರು. ಮುಂದಿನ ವರ್ಷ ನಾನು ಬೇರೆ ಕೆಲಸ ಹಿಡಿದು ಸಿಡ್ನಿಗೆ ಬಂದೆ. ಬೇರೆ ಕೆಲಸ ಎಂದರೆ ಇದೇ ಕೆಲಸ, ಬೇರೆ ಕೇಂದ್ರದಲ್ಲಿ. ಇಲ್ಲಿ ಬೀರುವಿನ ಬೀಗದ ಕೈ ಬೇಡವೆಂದು ಮೊದಲ ದಿನವೇ ಹೇಳಿದೆ.

ಫೇಲಾಗುವ ಕೋಚಿಂಗ್

ಕಳೆದ ಭಾನುವಾರ ಸಿಡ್ನಿಯ ಕೆಲ್ಲಿವಿಲ್‌ನ ನಮ್ಮ ಮನೆಗೆ ಫೋನ್ ಬಂತು. ನಾಲ್ಕು ವರ್ಷದ ನಂತರ ಆಂಟಿ.

"ಮಗಾ, ಜೋಡಿ ಕ್ಲಾಸು ಈ ವರ್ಷಕ್ಕೆ ಕೊನೆಯಂತೆ. ಒಂದು ಜಾಗ ಉಂಟಂತೆ. ಗುರುವಾರ ಟೆಸ್ಟು."

"ಬ್ಯಾಡ್ಜು ಇನ್ನೂ ಬೇಕಾ ಆಂಟಿ?"

"ಬೇಡವಾ ಮತ್ತೆ? ಈಗ ಮೊಮ್ಮಗಳು ಬೇರೆ ಬಂದಿದ್ದಾಳೆ. ಇಂಥವನ ಮಮ್ಮಿ ಹೋಗಿ ಇಂಥವಳ ಅಜ್ಜಿ ಆಗಿದ್ದೇನೆ. ಹೆಸರು ಇನ್ನೂ ದೂರ ಹೋಯ್ತು." ಆಮೇಲೆ ದನಿ ತಗ್ಗಿಸಿ ಹೇಳಿದರು: "ಪೇಪರು ಎಲ್ಲಿಂದ ತಂದದ್ದು ಅಂತ ನಾನು ಯಾರಿಗೂ ಹೇಳ್ಲಿಲ್ಲ, ನಿನ್ನ ಕೆಲಸ ಹೋದೀತು ಅಂತ. ಈಗ ಒಂದು ಉಪಕಾರ ಮಾಡು. ಈ ಸಲ ಕಡಿಮೆ ಮಾರ್ಕು ಬರಬೇಕು. ಫೇಲಾಗ್ಲಿಕ್ಕೆ ಕೋಚಿಂಗ್ ಕೊಡು."

ಪತ್ರಿಕೆ ಈಗಲೂ ಅದೇ, ಪೂರ್ತಿ ಖಾಲಿ ಬಿಟ್ಟರೂ ಸೇರಿಸಿಕೊಳ್ಳುವುದಿಲ್ಲ ಎಂದು ಅವರ ಪಕ್ಕದ ಮನೆಯವರು ಟೆಸ್ಟ್ ಬರೆದು ಬಂದು ಹೇಳಿದ್ದರಂತೆ. ಸರಿ, ಫೋನಿನಲ್ಲೇ ಶುರು ಮಾಡಿದೆ.

"ಬಸ್ಸು ಎಷ್ಟು ಗಂಟೆಗೆ?"

"ಏಳು ನಲವತ್ತೆರಡು."

"ಆಂಟಿ, ತಪ್ಪು ಹೇಳಬೇಕು."

"ಗೊತ್ತುಂಟು. ಬಾಯಿಗೆ ಅದೇ ಬರ್ತದೆ. ಇನ್ನೊಮ್ಮೆ ಕೇಳು."

"ಬಸ್ಸು ಎಷ್ಟು ಗಂಟೆಗೆ?"

"ಏಳು... ಏಳು ನಲವತ್ತೆರಡು. ಥತ್!"

ಹದಿನೇಳನೆಯದು ಕೇಳಿದೆ, ಸರಿ. ಇಪ್ಪತ್ತೊಂಬತ್ತನೆಯದು, ಅದೂ ಸರಿ. ಆಗ ತಪ್ಪಿದ್ದ ಎರಡನ್ನೂ ಈಗ ಸರಿ ಹೇಳಿದರು. ನಲವತ್ತಕ್ಕೆ ನಲವತ್ತು. ಕೊನೆಗೆ ಆಂಟಿಗೆ ರೇಗಿತು. "ನೀನು ಹೀಗೆ ಕೇಳಿದರೆ ಆಗುವುದಿಲ್ಲ ಮಾರಾಯ. ಯಾವ್ಯಾವ ತಪ್ಪು ಬರೀಬೇಕು ಅಂತ ಪಟ್ಟಿ ಕೊಡು, ಬಾಯಿಪಾಠ ಮಾಡ್ತೇನೆ!"

ಇದನ್ನು ಬಳಗದವರಿಗೆ ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕು, ಬರೆಯಿರಿ ಎಂದರು. ಅದಕ್ಕೇ ಬರೆಯುತ್ತಿದ್ದೇನೆ. ಆದರೆ ಪಟ್ಟಿ ಮಾಡಲು ಕುಳಿತಾಗ ನನ್ನ ಕೈ ಓಡಲಿಲ್ಲ. ಆಗ ಸುಳ್ಳಿನಿಂದ ಅವರನ್ನು ಮೇಲೆ ಹತ್ತಿಸಿದೆ, ಈಗ ಇನ್ನೊಂದು ಸುಳ್ಳಿನಿಂದ ಇಳಿಸಬೇಕೆ? ಎಷ್ಟು ಜೂನ್ ಬಂದು ಹೋದರೂ ಆ ಕೋಆರ್ಡಿನೇಟರ್ ಇನ್ನೂ ಅಲ್ಲಿಯೇ ಇದ್ದಾರೆ. ಇವತ್ತು ಬೆಳಿಗ್ಗೆ ಅವರ ಆಫೀಸಿಗೆ ಫೋನ್ ಮಾಡಿ, ನನಗೆ ಫೋನ್ ಮಾಡುವಂತೆ ಹೇಳಿ ಎಂದು ತಿಳಿಸಿಟ್ಟಿದ್ದೇನೆ. ಏನು ಹೇಳಬೇಕೆಂದು ಇಲ್ಲಿ ಬರೆದು ನೋಡಿಕೊಳ್ಳುತ್ತಿದ್ದೇನೆ, ಬಾಯಿಪಾಠಕ್ಕೆ. ಹೇಳಬೇಕಾದದ್ದು ಇಷ್ಟೇ. ಆ ಮೂವತ್ತೆಂಟು ಮಾರ್ಕು ಆಂಟಿಯದಲ್ಲ, ನನ್ನದು. ಹೇಗೆಂದರೆ, ಮೊದಲು ಬೀರುವಿನ ವಿಷಯ ವಿವರಿಸಬೇಕು. ಅದು ಕಿಟಕಿಯ ಪಕ್ಕದ ಬೀರು, ಅದರ ಬೀಗದ ಕೈ ಎರಡಿತ್ತು, ಒಂದು ಅವರ ಹತ್ತಿರ, ಇನ್ನೊಂದು

ಒಳಗಿನಿಂದ ಹೆಂಡತಿ ಕರೆಯುತ್ತಿದ್ದಾಳೆ. "ರೀ, ಮೆಲ್ಬರ್ನ್‌ನಿಂದ ಫೋನು! ಯಾರೋ ಮೇಡಂ, ನಿಮಗೇ ಅಂತೆ. ಬೇಗ ಬನ್ನಿ, ಕಾಯ್ತಾ ಇದ್ದಾರೆ."