ಉಸಿರು ತೆಗೆಯುವ ಸೌಂದರ್ಯ

ನಮ್ಮ ಕ್ಲಾಸಿನಲ್ಲಿ ಹೊಸ ಇಂಗ್ಲಿಷ್ ಶಬ್ದ ಕಲಿತ ವಾರ ಊರಿನಲ್ಲಿ ಯಾರಾದರೊಬ್ಬರು ಹೆದರದೆ ಇರುವುದಿಲ್ಲ. ನಾನು ಕುಂದಾಪುರದ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ, ಇಂಗ್ಲಿಷ್ ಮಾತಾಡಲು ಕಲಿಸುತ್ತೇನೆ. ಬರುವವರಲ್ಲಿ ಹೆಚ್ಚಿನವರು ಪ್ರವಾಸಿಗಳನ್ನು ನಂಬಿ ಬದುಕುವವರು. ಬಾಡಿಗೆ ಕಾರಿನವರು, ಹೋಂಸ್ಟೇಯವರು, ದೋಣಿಯವರು. ಅವರಿಗೆ ವ್ಯಾಕರಣ ಬೇಡ. ಕಡಲು, ಗುಡ್ಡ, ಹೊಳೆ, ಮಂಜು, ಇವನ್ನು ನಾಲ್ಕು ಮಾತಿನಲ್ಲಿ ಹೊಗಳುವಷ್ಟು ಬಂದರೆ ಸಾಕು. ನಾನು ಕಲಿಸಿದ್ದೂ ಹೊಗಳುವುದನ್ನೇ. ಅದು ಅವರ ಬಾಯಿಗೆ ಹೋದ ಮೇಲೆ ಏನಾಗುತ್ತದೆ ಎಂಬುದು ನನ್ನ ಕೈಯಲ್ಲಿಲ್ಲ.

ಎರಡೂ ಬದಿ

ಕಾರಿನ ಡ್ರೈವರೊಬ್ಬರಿಗೆ 'ಬ್ರೆತ್‌ಟೇಕಿಂಗ್' ಎಂಬ ಶಬ್ದ ಬಹಳ ಹಿಡಿಸಿತು. ಚೆಂದ ಕಂಡು ಉಸಿರೇ ನಿಂತ ಹಾಗಾಗುವುದು ಎಂದು ನಾನು ವಿವರಿಸಿದ್ದೆ. ಮರುದಿನವೇ ಅವರಿಗೆ ದಿಲ್ಲಿಯ ಗಂಡ ಹೆಂಡತಿ ಗಿರಾಕಿಗಳಾಗಿ ಸಿಕ್ಕಿದರು. ಅವರನ್ನು ಮರವಂತೆಗೆ ಕರೆದುಕೊಂಡು ಹೋದರು.

ಮಳೆಗಾಲದ ಸಂಜೆ. ರಸ್ತೆಯ ಒಂದು ಬದಿ ಕಪ್ಪಗೆ ಉಕ್ಕುವ ಕಡಲು, ಇನ್ನೊಂದು ಬದಿ ಅಲೆಯೇ ಇಲ್ಲದ ಹೊಳೆ. ಸುತ್ತ ನರಪಿಳ್ಳೆ ಇಲ್ಲ. ನಮ್ಮ ಡ್ರೈವರು ಕಾರು ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ನಿಧಾನಕ್ಕೆ ಹಿಂದೆ ತಿರುಗಿ, ದನಿ ತಗ್ಗಿಸಿ ಹೇಳಿದರಂತೆ: "ದಿಸ್ ಪ್ಲೇಸ್ ಟೇಕಿಂಗ್ ಬ್ರೆತ್. ದಿಸ್ ಸೈಡ್ ಟೇಕಿಂಗ್. ದಟ್ ಸೈಡ್ ಆಲ್ಸೋ ಟೇಕಿಂಗ್."

ಬಾಗಿಲಿಗೆ ಕೈ ಹಾಕಿದ್ದ ಆ ಹೆಂಗಸು ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡರು. ಈವರೆಗೆ ಎಷ್ಟು ಜನ ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಅವ್ರ್ ಕಾರಿಂದ ಇಳಿಲೇ ಇಲ್ಲ ಮೇಷ್ಟ್ರೆ," ಎಂದು ಡ್ರೈವರು ನನ್ನ ಹತ್ತಿರ ದೂರು ತಂದರು.

"ಎಷ್ಟು ಜನ ಅಂತ ಕೇಳಿದ್ದಕ್ಕೆ ನೀವು ಎಂತ ಹೇಳಿದಿರಿ?"

"ಬಂದ್ ಹೋಪರ್ ಲೆಕ್ಕ ಕೇಂಡದ್ದ್ ಅಂದ್ಕಂಡೆ. ಡೈಲಿ ಟೆನ್, ಟ್ವೆಂಟಿ, ಸಂಡೆ ಫುಲ್ ಫ್ಯಾಮಿಲಿ ಅಂದೆ."

ಬ್ರಹ್ಮಾವರದ ಬಸ್ಸು

ಬ್ರಹ್ಮಾವರದಿಂದ ಬರುವ ಒಬ್ಬ ಹುಡುಗಿಗೆ ಪ್ರವಾಸಿ ಗೈಡ್ ಆಗುವ ಆಸೆ. ಬಸ್ಸಿನ ಕಿಟಕಿಯಲ್ಲಿ ಕಂಡದ್ದಕ್ಕೆಲ್ಲ ಒಂದೊಂದು ಇಂಗ್ಲಿಷ್ ಶಬ್ದ ಹೇಳುತ್ತಾ ಬಾ ಎಂದಿದ್ದೆ. ಅವಳು ಶ್ರದ್ಧೆಯವಳು. ಮಿಂದು, ಒದ್ದೆ ಕೂದಲು ಬಿಚ್ಚಿಕೊಂಡೇ ಬಸ್ಸು ಹತ್ತಿ, ಹೊರಗೇ ಕಣ್ಣು ನೆಟ್ಟು ಶುರುಮಾಡಿದಳು. ಗದ್ದೆಯ ಮೇಲಿನ ಮಂಜಿಗೆ "ಮಿಸ್ಟಿ" ಎಂದಳು. ಮೋಡಕ್ಕೆ "ಗ್ಲೂಮಿ." ಬಾಗಿಲು ಹಾಕಿದ ಒಂದು ಮನೆ ಕಂಡು "ಡೆಸರ್ಟೆಡ್." ಮಾತು ಗಂಟಲೊಳಗೇ, ರೆಪ್ಪೆ ಬಡಿಯುವುದಿಲ್ಲ.

ಬಸ್ಸಿನ ಮಾತುಕತೆ ಒಂದೊಂದೇ ಸೀಟಿನಲ್ಲಿ ನಿಂತುಹೋಯಿತು. ಪಕ್ಕದಲ್ಲಿದ್ದ ಅಜ್ಜಿ ಮೊದಲು ಸರಿದು ಕೂತರು. ಆಮೇಲೆ ಚಪ್ಪಲಿ ಕಳಚಿದರು. ಕಂಡಕ್ಟರು ಟಿಕೆಟ್ ಕೇಳಲು ಬಂದವರು ಒಂದು ಮಾರು ದೂರ ನಿಂತರು. ಮೈಮೇಲೆ ಬಂದವರ ಹತ್ತಿರ ಟಿಕೆಟ್ ಕೇಳುವುದು ಹೇಗೆ?

ಅಜ್ಜಿ ಕೈ ಮುಗಿದು, "ಅಮ್ಮ, ನನ್ ಮಗಂಗೆ ಹೆಣ್ಣ್ ಎಲ್ಲ್ ಸಿಕ್ಕತ್ತ್?" ಎಂದು ಕೇಳಿದರು.

ಹುಡುಗಿಗೆ ಅದು ಕೇಳಿಸಲೇ ಇಲ್ಲ. ಅವಳು ದಿಗಂತದ ಗುಡ್ಡದ ಕಡೆ ಬೆರಳು ತೋರಿಸಿ, "ಫಾರ್ ಅವೇ," ಎಂದಳು.

ಅಜ್ಜಿ ಕಂಡಕ್ಟರ ಮುಖ ನೋಡಿದರು. ಕಂಡಕ್ಟರು ತಗ್ಗಿದ ದನಿಯಲ್ಲಿ, "ದೂರದಲ್ಲ್ ಅಂಬ್ರ್," ಎಂದರು.

"ಅದೂ ಸರಿಯೇ," ಎಂದು ಅಜ್ಜಿ ಚಪ್ಪಲಿ ಮೆಟ್ಟಿಕೊಂಡರು. "ಹತ್ರದರೆಲ್ಲ ಬೇಡ ಅಂದ್ ಆಯ್ತ್."

ಯಾರಿಗೂ ಕೇಳಿಸುವುದಿಲ್ಲ

ಬೈಂದೂರಿನ ಗುಡ್ಡದ ಬುಡದಲ್ಲಿ ಹೋಂಸ್ಟೇ ಇಟ್ಟಿರುವ ಒಬ್ಬ ಹೆಂಗಸೂ ನನ್ನ ಶಿಷ್ಯೆ. ಆ ಮಳೆಗಾಲದಲ್ಲಿ ಅವರಿಗೆ ಬಂದದ್ದು ಒಂದೇ ಕುಟುಂಬ. ಜಾಗ ಹಿಡಿಸಿ ಎರಡು ದಿನ ಹೆಚ್ಚಿಗೇ ಉಳಿದಿದ್ದರು. ಹೀಗೇ ಆದರೆ ಮನೆಗೆ ಬೀಗ ಹಾಕಿ ಮುಂಬೈಯ ಅಣ್ಣನ ಹೋಟೆಲಿಗೆ ಹೋಗುವುದೇ ಸೈ ಎಂದು ಅವರು ಕೊರಗುತ್ತಿದ್ದಾಗ ಪುಣೆಯಿಂದ ಒಬ್ಬ ಹುಡುಗ ಫೋನು ಮಾಡಿ ಜಾಗ ಹೇಗಿದೆ ಎಂದು ಕೇಳಿದ. ಗಲಾಟೆ ಇಲ್ಲ, ಬಂದವರು ಬಿಟ್ಟು ಹೋಗುವುದೇ ಇಲ್ಲ ಎಂದು ಹೇಳಬೇಕಿತ್ತು. ಅವರು ಹೇಳಿದ್ದು ಹೀಗೆ: "ವೆರಿ ಸೈಲೆಂಟ್. ನೋಬಡಿ ವಿಲ್ ಹಿಯರ್ ಯು. ಒನ್ ಫ್ಯಾಮಿಲಿ ಕೇಮ್. ದೆ ಡಿಡ್ ನಾಟ್ ಗೋ ಬ್ಯಾಕ್."

ಫೋನು ಕಟ್ಟಾಯಿತು. ವಾರ ಕಳೆಯುವುದರೊಳಗೆ ಆ ಹುಡುಗ ಗೆಳೆಯರನ್ನು ಕಟ್ಟಿಕೊಂಡು, ಕ್ಯಾಮೆರಾ ಹಿಡಿದುಕೊಂಡು ಬಂದಿಳಿದ.

ಹೋಂಸ್ಟೇಯವರು ನನಗೆ ಫೋನು ಮಾಡಿದರು. "ಮೇಷ್ಟ್ರೆ, ಇವ್ರಿಗೆ ಭೂತ ಕಾಣ್ಬೇಕ್ ಅಂಬ್ರ್. ನಾನ್ ಎಲ್ಲಿಂದ ತಂದ್ ಕೊಡುದ್?" ಎಂದು ಹೇಳುತ್ತಿರುವಾಗಲೇ ಅವರ ಅಂಗಳದಿಂದ ಹುಡುಗರೆಲ್ಲ ಒಟ್ಟಿಗೆ ಕಿರುಚುವುದು ನನಗೂ ಕೇಳಿಸಿತು.

ಮುಸ್ಸಂಜೆ, ಕರೆಂಟು ಹೋಗಿತ್ತು. ಅವರ ಅತ್ತೆ ಬಿಳಿ ಸೀರೆ ಉಟ್ಟು, ಕೈಯಲ್ಲಿ ದೀಪ ಹಿಡಿದು, ತುಳಸಿಕಟ್ಟೆಗೆ ಬಂದಿದ್ದರು. ಹುಡುಗರು ಏನೋ ಕೇಳಿದರು. ಭಾಷೆ ಬಾರದ ಅತ್ತೆ ದೀಪ ಎತ್ತಿ ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ನಿಂತರು.

ಹುಡುಗರು ಖುಷಿಯಾಗಿ ಹೋದರು, ಇನ್ನಷ್ಟು ಜನರನ್ನೂ ಕಳಿಸಿದರು. ಅತ್ತೆಗೆ ಮಾತ್ರ ಸಮಾಧಾನವಿಲ್ಲ. "ಆ ಮಕ್ಕಳ ಮೈಮೇಲೆ ಎಂತದೋ ಇತ್ತ್," ಎಂದು ಸೊಸೆಗೆ ಹೇಳಿದರಂತೆ. "ನನ್ನ್ ಕಂಡದ್ದೇ ಕೂಗುಕೆ ಶುರು ಮಾಡ್ದೊ."

ಹೊಳೆಯ ಮೇಲಿನ ಪಾಠ

ಒಂದು ಬೆಳಿಗ್ಗೆ ಎಲ್ಲರನ್ನೂ ದೋಣಿಯಲ್ಲಿ ಕುಂದಾಪುರದ ಹೊಳೆಗೆ ಕರೆದುಕೊಂಡು ಹೋದೆ. ಕಂಡದ್ದನ್ನು ಕಂಡಲ್ಲೇ ವರ್ಣಿಸಲಿ ಎಂಬ ಆಸೆ. ಆದರೆ ನಡು ಹೊಳೆಗೆ ಬರುವಷ್ಟರಲ್ಲಿ ಮಂಜು ಇಳಿದು ದೋಣಿಯ ಮೂತಿಯೇ ಕಾಣದಾಯಿತು. ದೋಣಿಯವರು ಮೆಷಿನ್ ನಿಲ್ಲಿಸಿದರು. ಸುಮ್ಮನೆ ಕೂರುವುದೇಕೆ ಎಂದು ನಾನು ಪಾಠ ಶುರುಮಾಡಿದೆ.

"ದ ರಿವರ್ ಈಸ್ ಕಾಮ್."

ಎಲ್ಲರೂ ಹೇಳಿದರು. ಅವರು ಮುಗಿಸಿದ ಮೇಲೆ, ಮಂಜಿನೊಳಗಿಂದ ಒಂದು ಹೆಣ್ಣು ದನಿ ಸ್ಪಷ್ಟವಾಗಿ, "ದ ರಿವರ್ ಈಸ್ ಕಾಮ್," ಎಂದಿತು.

ಕಾರಿನ ಡ್ರೈವರು ನನ್ನನ್ನು ನೋಡಿದರು. ಪ್ರತಿಧ್ವನಿ ಎಂದು ಹೇಳಿ ಮುಂದುವರಿಸಿದೆ. "ದ ಟ್ರೀಸ್ ಆರ್ ಹಿಡನ್." ಈ ಸಲ ಶಿಷ್ಯರು ಯಾರೂ ಬಾಯಿ ಬಿಡಲಿಲ್ಲ. ಮಂಜು ಮಾತ್ರ ಹೇಳಿತು. ಬೈಂದೂರಿನ ಹೋಂಸ್ಟೇಯವರು ಕಣ್ಣು ಮುಚ್ಚಿ ದೇವರ ಹೆಸರು ಹೇಳತೊಡಗಿದರು. ನಾನೂ ದೋಣಿಯ ಅಂಚು ಹಿಡಿದುಕೊಂಡೆ. ಆದರೂ ಮೇಷ್ಟ್ರಾದವನು ಹೆದರಿದರೆ ಹೇಗೆ? "ಹೂ ಈಸ್ ದೇರ್?" ಎಂದೆ.

"ಹೂ ಈಸ್ ದೇರ್?" ಎಂದಿತು ದನಿ, ಇನ್ನಷ್ಟು ಹತ್ತಿರದಲ್ಲಿ.

ಡ್ರೈವರಿಗೆ ತಡೆಯಲಾಗಲಿಲ್ಲ. "ಹ್ವಾಯ್, ಯಾರ್ ಅದ್?" ಎಂದು ಕೂಗಿದರು.

"ನಾನ್ ಮಾರಾಯ್ರೆ," ಎನ್ನುತ್ತಾ ಹೊಳೆ ನಡುವಿನ ಮರಳು ದಿಬ್ಬದ ಮೇಲೆ, ಸೊಂಟದವರೆಗಿನ ನೀರಿನಲ್ಲಿ, ಒಬ್ಬ ಹೆಂಗಸು ಬುಟ್ಟಿಯೊಂದಿಗೆ ಕಾಣಿಸಿಕೊಂಡರು. "ಚಿಪ್ಪ್ ಹೆಕ್ಕುಕೆ ಬಂದದ್ದ್. ಪುಕ್ಕಟೆ ಇಂಗ್ಲಿಷ್ ಎಂತಕೆ ಬಿಡುದ್ ಅಂದ್ಕಂಡ್ ನಾನೂ ಹೇಳ್ದೆ."

ಎಲ್ಲರಿಗೂ ಜೀವ ಬಂತು, ನಕ್ಕೆವು. ಮೂರೂ ವಾಕ್ಯ ತಪ್ಪಿಲ್ಲದೆ ಹೇಳಿದಿರಿ ಎಂದು ಹೊಗಳಿದೆ.

"ಮೂರಾ? ನಾನ್ ಹೇಳದ್ದ್ ಕಡೆದ್ದ್ ಒಂದೇ. ಮೊದ್ಲಿನದೆರಡು ಆಚೆ ಬದಿಯಿಂದ ಬಂದದ್ದ್."

ನಾವೆಲ್ಲ ಆಚೆ ಬದಿಗೆ ತಿರುಗಿದೆವು. ಅಲ್ಲಿ ಹೊಳೆ ಕಡಲಿಗೆ ಸೇರುತ್ತದೆ. ದಡವಿಲ್ಲ, ದೋಣಿ ಇಲ್ಲ, ಆಳವಾದ ನೀರು ಮತ್ತು ಮಂಜು ಮಾತ್ರ. ದೋಣಿಯವರು ಮೆಷಿನ್ನಿನ ಹಗ್ಗ ಎಳೆದರು.

"ಅವ್ರ್ ನಿಮ್ ಕ್ಲಾಸಿನವ್ರ್ ಅಲ್ದಾ?" ಎಂದು ಆ ಹೆಂಗಸು ಕೇಳಿದರು. "ಅವ್ರನ್ನೇ ಮೇಷ್ಟ್ರ್ ಮಾಡಿ. ನಿಮ್ದ್ ನಂಗೆ ಒಂಚೂರೂ ತಿಳಿಲಿಲ್ಲ, ಅವ್ರ್ ಹೇಳದ್ದ್ ಲಾಯ್ಕ್ ಅರ್ಥ ಆಯ್ತ್."